ಬಟ್ಟೆಗಂಟಿದ ಹಕ್ಕಿಗಳು

ಸುಕ್ಕು ಕಂಡರಾಗದ ಅಮ್ಮನಿಗೆ,

ಅಪ್ಪನ ಅಂಚೆಚೀಟಿಗಳನ್ನು ಏನು ಮಾಡಿದೆ ಎಂದು ನೀನು ಈವರೆಗೆ ಕೇಳಿಲ್ಲ. ಕೇಳುವವಳೂ ಅಲ್ಲ. ಅಕ್ಕ ಫೋನು ಮಾಡಿದಾಗಲೆಲ್ಲ ಹಿಂದಿನಿಂದ ನಿನ್ನ ಇಸ್ತ್ರಿಪೆಟ್ಟಿಗೆ ಮೇಜಿನ ಮೇಲೆ ಕೂರುವ ಸದ್ದು ಕೇಳಿಸುತ್ತಿರುತ್ತದೆ. ಅಂಚೆಚೀಟಿಯ ಮಾತು ಬಂದ ಕೂಡಲೇ ಅದು ನಿಲ್ಲುತ್ತದೆ, ಮಾತು ಬೇರೆ ಕಡೆಗೆ ಹೊರಳಿದ ಮೇಲೆ ಮತ್ತೆ ಶುರುವಾಗುತ್ತದೆ. ನಿನಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡು ಬಹಳ ಕಾಲವಾಯಿತು. ಅಕ್ಕ ಮಾತ್ರ, "ಬೇಕಾದ್ದೆಲ್ಲಾ ಕೇಳ್ಸುತ್ತೆ ಬಿಡು" ಅನ್ನುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಎದುರು ಕಿವಿ ಮಂದವೆಂದು ಹೇಳಿ ತಪ್ಪಿಸಿಕೊಳ್ಳುವುದು ಕಷ್ಟ.

ಅಪ್ಪ ಹೋದ ಮೇಲೆ ನೀನು ಅಕ್ಕನ ಊರಿಗೆ ಹೊರಟ ದಿನ ನೆನಪಿದೆಯೇ? ಅಲ್ಲಿ ಅವಳ ಇಸ್ತ್ರಿ ಅಂಗಡಿಯಲ್ಲಿ ನಿನ್ನ ಮೇಜಿಗೆ ಜಾಗ ಸಿಕ್ಕಿತ್ತು. ಮೇಜು ಹೋದ ಕಡೆ ನೀನು. ಅದರ ಕಾಲು ಬಿಚ್ಚುತ್ತಿದ್ದ ಆಳುಗಳಿಗೆ ಬೈಯುತ್ತಾ ನೀನು ಲಾರಿಯ ಪಕ್ಕದಲ್ಲಿ ನಿಂತಿದ್ದೆ. ಆಲ್ಬಮ್ಮುಗಳ ಪೆಟ್ಟಿಗೆ ನನ್ನ ಕಾಲ ಬುಡದಲ್ಲಿತ್ತು. ಅಂಚೆಚೀಟಿ ಮಗನಿಗೆ, ಮನೆಯ ಇಸ್ತ್ರಿ ಅಂಗಡಿಯ ಸಾಮಾನು ಮಗಳಿಗೆ ಎಂದು ಅಪ್ಪ ಹಿಂದೆಯೇ ಹೇಳಿಬಿಟ್ಟಿದ್ದರು. "ನನ್ನ ಅಂಗಡಿ ಹಂಚೋಕೆ ಇವ್ರ್ಯಾರು?" ಎಂದು ನೀನು ಆಗಲೇ ಕೇಳಿದ್ದೆ. ಲಾರಿ ಹೊರಡುವ ಮುಂಚೆ ಪೆಟ್ಟಿಗೆಯ ಕಡೆ ನೋಡದೆ ನನಗೆ ಹೇಳಿದೆ: "ಅದ್ರೊಳಗಿರೋ ಆ ಬಟ್ಟೆ ತೆಗ್ದು ಬಿಸಾಕು. ಯಾರೂ ನೋಡೋಕ್ ಮುಂಚೆ. ಆಮೇಲೆ ಮಿಕ್ಕಿದ್ದನ್ನ ಏನಾದ್ರೂ ಮಾಡ್ಕೋ." ನಾನು ಹ್ಞೂಂ ಅಂದೆ. ಪೆಟ್ಟಿಗೆ ಭಾರವಿತ್ತು, ಎತ್ತುವಾಗ ಬಂದ ಉಸಿರು ಅದು. ಒಪ್ಪಿಗೆ ಎಂದು ನೀನು ತಿಳಿದುಕೊಂಡೆ.

ಆ ಬಟ್ಟೆಯ ವಿಷಯ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಈಗ ಆಡುತ್ತೇನೆ, ಸಹಿಸಿಕೋ.

ನಾನು ಆಗ ಕಾಲೇಜಿನಲ್ಲಿದ್ದೆ. ಅಪ್ಪ ಸರಕು ಸಾಗಣೆ ಕಂಪನಿಯ ಟಪಾಲು ವಿಭಾಗದ ಗುಮಾಸ್ತರು. ಕಂಪನಿಗೆ ಬರುವ ಲಕೋಟೆಗಳ ಮೂಲೆ ಕತ್ತರಿಸಿ ಜೇಬಿನಲ್ಲಿ ತರುತ್ತಿದ್ದರು. ಭಾನುವಾರ ಬೆಳಿಗ್ಗೆ ಬೋಗುಣಿಯಲ್ಲಿ ಉಗುರುಬೆಚ್ಚನೆಯ ನೀರು ತುಂಬಿ ಆ ಚೂರುಗಳನ್ನು ತೇಲಿಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಂಟು ಕರಗಿ ಅಂಚೆಚೀಟಿಗಳು ತಾವಾಗಿ ಕಾಗದದಿಂದ ಜಾರುತ್ತಿದ್ದವು. ಚಿಮಟದಲ್ಲಿ ಎತ್ತಿ ಹಳೆಯ ಪತ್ರಿಕೆಯ ಮೇಲೆ ಮಲಗಿಸುತ್ತಿದ್ದರು. ಅಡುಗೆಮನೆಯಿಂದ ನಿನ್ನ ಮಾತು ಬರುತ್ತಿತ್ತು: "ದೇಶದೇಶದವ್ರೆಲ್ಲ ನೆಕ್ಕಿದ್ದನ್ನ ತಂದು ನನ್ನ ತರಕಾರಿ ಬೋಗುಣಿಗೇ ಹಾಕ್ಬೇಕಾ?" ಅಪ್ಪ ಅದಕ್ಕೆ, "ನಿನ್ನ ಸೊಪ್ಪಿಗಿಂತ ಇದು ದೂರದಿಂದ ಬಂದಿದೆ ಕಣೇ, ಮರ್ಯಾದೆ ಕೊಡು" ಅನ್ನುತ್ತಿದ್ದರು. ಈ ಬೋಗುಣಿಯನ್ನು ಮನಸ್ಸಿನಲ್ಲಿಟ್ಟುಕೊ. ಮುಂದೆ ಬೇಕಾಗುತ್ತದೆ.

ಹಕ್ಕಿಗಳ ಸರಣಿ ಮಾತ್ರ ಹಾಗೆ ಬಂದದ್ದಲ್ಲ. ಯಾವುದೋ ದ್ವೀಪದ ಅಂಚೆಚೀಟಿಗಳು, ಮುದ್ರೆ ಬೀಳದವು, ಹಿಂದೆ ಅಂಟು ಹೊಸದಾಗಿ ಮಿನುಗುತ್ತಿದ್ದವು. ಹಡಗಿನ ಅಡಿಗೆಯವನೊಬ್ಬನಿಗೆ ಎಷ್ಟೋ ಪತ್ರ ಬರೆದು, ತಮ್ಮಲ್ಲಿದ್ದ ಒಳ್ಳೆಯವನ್ನೆಲ್ಲ ಕೊಟ್ಟು, ಅದಕ್ಕೆ ಬದಲು ಪಡೆದಿದ್ದರು. ಆ ದಿನಗಳಲ್ಲಿ ಗಾಳಿಯಲ್ಲಿ ತೇವ ಹೆಚ್ಚಿತ್ತು. ಅಂಟಿರುವ ಕಾಗದ ತೇವಕ್ಕೆ ಸುರುಳಿ ಸುತ್ತುತ್ತದೆ. ಬೆಳಿಗ್ಗೆ ಕಚೇರಿಗೆ ಹೊರಡುವಾಗ ಅಪ್ಪ ಆಲ್ಬಮ್ಮು ತೆರೆದು, "ಅಯ್ಯೋ, ನೋಡೇ ಇಲ್ಲಿ, ಎಲ್ಲಾ ಮುದುರ್ಕೊಂಡ್ಬಿಟ್ಟಿವೆ" ಎಂದು ಹೇಳಿ, ಮೇಜಿನ ಮೇಲೆ ಹಾಗೇ ಬಿಟ್ಟು ಹೋದರು.

ಅವರು ಗೊಣಗಿದ್ದರು, ಅಷ್ಟೇ. ಮುದುರಿದ ವಸ್ತುವೊಂದನ್ನು ನಿನಗೆ ತೋರಿಸಿ ಮನೆಯಿಂದ ಹೊರಗೆ ಹೋದರೆ ಏನಾಗುತ್ತದೆಂದು ಅವರಿಗೆ ತಿಳಿದಿರಬೇಕಿತ್ತು. ಬೀದಿಯಲ್ಲಿ ಎದುರಾದವರ ಮುಖಕ್ಕಿಂತ ಮೊದಲು ಕಾಲರು ನೋಡುವವಳು ನೀನು. ಬ್ಯಾಂಡಿನವರ ಕೆಂಪು ಕೋಟು, ಹೋಟೆಲಿನ ಮಾಣಿಗಳ ಬಿಳಿ ಅಂಗಿ, ದಾದಿಯರ ಉಡುಪು, ಎಲ್ಲ ನಮ್ಮ ಮುಂದಿನ ಕೋಣೆಯ ಆ ಮೇಜಿನ ಮೇಲೆ ಹಾದು ಹೋಗುತ್ತಿದ್ದವು. ಒಂದೇ ಒಂದು ಬಟ್ಟೆಯನ್ನೂ ನೀನು ಸುಟ್ಟವಳಲ್ಲ. ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಕಾವು ನೋಡುತ್ತಿದ್ದೆ, ಮಗುವಿನ ಜ್ವರ ನೋಡುವ ಹಾಗೆ.

ಅವತ್ತು ನೀನು ಮಾಡಿದ್ದನ್ನು ನಾನು ಬಾಗಿಲ ಬಳಿ ಪುಸ್ತಕ ಹಿಡಿದು ಕೂತು ನೋಡಿದೆ, ತಡೆಯಬೇಕೆಂದು ತೋಚಲಿಲ್ಲ. ತಡೆಯಲು ಅದರಲ್ಲಿ ಏನೂ ಇರಲಿಲ್ಲ. ಇಷ್ಟು ಸರಿಯಾಗಿ ಮಾಡುವ ಕೆಲಸ ತಪ್ಪಾಗಿರಬಹುದೆಂದು ಯಾರಿಗೆ ಹೊಳೆಯುತ್ತದೆ? ನೀನು ಕಂಬಳಿಯ ಮೇಲೆ ಬಿಳಿಯ ಹಾಸು ಹಾಸಿದೆ. ಅಪ್ಪನ ಚಿಮಟವನ್ನೇ ತೆಗೆದುಕೊಂಡು ಹಕ್ಕಿಗಳನ್ನು ಒಂದೊಂದಾಗಿ ಮುಖ ಅಡಿಯಾಗಿ ಮಲಗಿಸಿದೆ. ಕಸೂತಿ ಬಟ್ಟೆಯನ್ನು ಯಾವಾಗಲೂ ತಿರುವಿ ಹಾಕಿಯೇ ಇಸ್ತ್ರಿ ಮಾಡಬೇಕು ಎನ್ನುವುದು ನಿನ್ನ ನಿಯಮ. ಎರಡು ಸಾಲು ಮಾಡಿದೆ. ಬೆರಳಿನ ಅಗಲದ ಸಂದು ಬಿಟ್ಟೆ. ಅದರ ಮೇಲೆ ತೆಳ್ಳನೆಯ ಹತ್ತಿಬಟ್ಟೆ ಹೊದಿಸಿದೆ. ಆಮೇಲೆ ಕೈ ಅದ್ದಿ ನೀರು ಚಿಮುಕಿಸಿದೆ.

ಅಲ್ಲೇ ಆದದ್ದು. ಇಸ್ತ್ರಿಯವರಲ್ಲದವರು ನೀರು ಚಿಮುಕಿಸುತ್ತಿರಲಿಲ್ಲ. ಬೇರೆ ಯಾರೇ ಆಗಿದ್ದರೂ ದಪ್ಪ ಪುಸ್ತಕದಡಿ ಇಟ್ಟು ಸುಮ್ಮನಾಗುತ್ತಿದ್ದರು. ನಿನ್ನ ಕೈಗೆ ನೀರಿಲ್ಲದೆ ಇಸ್ತ್ರಿ ಎಂಬುದೇ ಇಲ್ಲ. ಆವಿ ಎದ್ದಿತು. ನೀನು ಬಟ್ಟೆಯ ಅಂಚು ಹಿಡಿದು ಎತ್ತಿದಾಗ ಹಕ್ಕಿಗಳೂ ಜೊತೆಗೇ ಎದ್ದು ಬಂದವು. ಸಾಲು ಕೆಡದೆ, ಒಂದೂ ಕೆಳಗುದುರದೆ, ಅಷ್ಟೂ ಆ ಬಟ್ಟೆಗೆ ಅಂಟಿಕೊಂಡಿದ್ದವು.

ನೀನು ಅತ್ತದ್ದು ನನಗೆ ನೆನಪಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಗೋಡೆಗೆ ಒರಗಿದೆ. ಗಿರಾಕಿಯೊಬ್ಬರು ಬಂದು ಕೋಟು ಕೇಳಿದರು, "ನಾಳೆ ಬನ್ನಿ" ಅಂದೆ. ಅದಕ್ಕೆ ಮುಂಚೆ ಯಾರಿಗೂ ನಾಳೆ ಬನ್ನಿ ಅಂದವಳಲ್ಲ.

ಸಂಜೆ ಅಪ್ಪ ಬಂದು ನೋಡಿದರು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಒಂದೂ ಸುಕ್ಕಿಲ್ವಲ್ಲೇ!" ಅಂದರು. ಅಂದು ನಕ್ಕರು.

"ನಗ್ಬೇಡಿ. ಬೈಯೋದಿದ್ರೆ ಬೈದ್ಬಿಡಿ."

"ಬೈಯೋದೇನು? ಸಾಲು ನೋಡು, ಗೆರೆ ಹಾಕಿದ ಹಾಗಿದೆ."

"ಸಾಕು ಮಾಡ್ರಿ."

ಅಷ್ಟೇ ಮಾತು. ಮುಂದಿನ ವಾರ ಅಪ್ಪ ಆ ಬಟ್ಟೆಯನ್ನು ಆಲ್ಬಮ್ಮಿನ ಒಂದು ಹಾಳೆಯ ಜಾಗದಲ್ಲಿ ಸೇರಿಸಿ ಅಂಚೆಚೀಟಿ ಸಂಘಕ್ಕೆ ಒಯ್ದರು. ವಾಪಸು ಬರುವಾಗ ಜೊತೆಗೆ ಭೂತಗನ್ನಡಿ ಇದ್ದರು. ಅವರ ನಿಜ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊರಳಲ್ಲಿ ದಾರ ಕಟ್ಟಿ ಇಳಿಬಿಟ್ಟ ಭೂತಗನ್ನಡಿಯೇ ಅವರ ಹೆಸರು. ಬಾಗಿಲಲ್ಲಿ ನಿಂತು ಅವರು, "ಅತ್ತಿಗೇ, ಇನ್ಮೇಲೆ ನಮ್ಮ ಸಂಘದವ್ರ ಅಂಗಿ ಎಲ್ಲಾ ನಿಮ್ಗೇ ಕೊಡ್ತೀವಿ. ಸ್ಟಾಂಪ್ ಮಾತ್ರ ಕೊಡಲ್ಲ!" ಎಂದು ಗಹಗಹಿಸಿದರು. ಅಪ್ಪನೂ ನಕ್ಕರು. ನೀನು ಒಳಗೆ ಹೋದೆ.

ಆಮೇಲೆ ನೀನು ಆ ಕಪಾಟಿನ ಹತ್ತಿರ ಸುಳಿಯಲಿಲ್ಲ. ಮನೆಯನ್ನೆಲ್ಲ ಒರೆಸುವವಳು ಕಪಾಟಿನ ಎದುರಿನ ನೆಲದವರೆಗೆ ಬಂದು ತಿರುಗುತ್ತಿದ್ದೆ. ಧೂಳು ಹೊಡೆಯುವುದನ್ನು ಅಪ್ಪ ಕಲಿತರು. ಭೂತಗನ್ನಡಿಯ ಅಂಗಿಗಳು ಮಾತ್ರ ನಿಜವಾಗಿಯೂ ಬರತೊಡಗಿದವು. ನೀನು ಅವನ್ನು ಉಳಿದವರ ಅಂಗಿಗಿಂತ ಚೆನ್ನಾಗಿ ಇಸ್ತ್ರಿ ಮಾಡಿ ಕಳಿಸುತ್ತಿದ್ದೆ. ಸಿಟ್ಟನ್ನು ಆ ರೀತಿ ತೀರಿಸಿಕೊಳ್ಳುವವರನ್ನು ನಾನು ಬೇರೆ ಕಂಡಿಲ್ಲ.

ಈಗಿನ ಕಥೆಗೆ ಬರುತ್ತೇನೆ.

ಪೆಟ್ಟಿಗೆ ನನ್ನ ಕೋಣೆಯಲ್ಲಿ ಕುರ್ಚಿಯೊಂದನ್ನು ಆಕ್ರಮಿಸಿಕೊಂಡು ಕೂತಿತು. ನನಗೆ ಸಂಗ್ರಹದ ಹುಚ್ಚಿಲ್ಲ, ನಿನಗೇ ಗೊತ್ತು. ಬೇರೆಯವರು ಬರೆದ ಪುಸ್ತಕಗಳಲ್ಲಿ ಅಚ್ಚಿನ ತಪ್ಪು ಹುಡುಕುವುದು ನನ್ನ ಉದ್ಯೋಗ. ಕೆಲಸ ಮುಗಿದ ಮೇಲೆ ಕಣ್ಣಿಗೆ ಏನೂ ಬೇಡವಾಗಿರುತ್ತದೆ. ಇಟ್ಟುಕೊಂಡರೆ ಅವು ಇಲ್ಲೇ ಮುದುರುತ್ತವೆ. ಅಕ್ಕ ಒಮ್ಮೆ, "ಅಂಗಡಿಗೆ ಬರೋರ್ಗೆ ಒಂದೊಂದು ಕೊಡೋಣ ಬಿಡು, ಪ್ಯಾಂಟಿಗೊಂದು ಸ್ಟಾಂಪ್ ಫ್ರೀ" ಅಂದಳು. ಸಂಘದ ಓದುಕೋಣೆಗೆ ಕೊಟ್ಟರೆ ಕೈ ತೊಳೆದವರು ಯಾರು ಬೇಕಾದರೂ ತೆರೆದು ನೋಡಬಹುದು, ವರ್ಷಕ್ಕೊಮ್ಮೆ ಪ್ರದರ್ಶನದಲ್ಲೂ ಇಡುತ್ತಾರೆ. ಅಲ್ಲಿಗೇ ಕೊಡುವುದೆಂದು ತೀರ್ಮಾನಿಸಿದೆ. ಉಳಿದದ್ದು ನಿನ್ನ ಮಾತು. ಕೊಡುವ ಮುಂಚೆ ಬಟ್ಟೆ ತೆಗೆಯಬೇಕು.

ತೆಗೆಯಲೆಂದೇ ತೆರೆದೆ. ನಿಜ ಹೇಳುತ್ತೇನೆ, ಕತ್ತರಿ ಪಕ್ಕದಲ್ಲಿತ್ತು. ಆದರೆ ನನ್ನ ಕಣ್ಣು ಅಭ್ಯಾಸಬಲದಿಂದ ತಪ್ಪು ಹುಡುಕಲು ಶುರುಮಾಡಿತು. ಸಾಲು ಎಲ್ಲಿ ಓರೆಯಾಗಿದೆ, ಸಂದು ಎಲ್ಲಿ ಹೆಚ್ಚುಕಡಿಮೆಯಾಗಿದೆ, ಎಲ್ಲಿ ಹಳದಿ ರೆಕ್ಕೆ ಕಾವಿಗೆ ಕಂದಿದೆ ಎಂದು ನೋಡಿದೆ. ಅಳತೆಪಟ್ಟಿ ಇಟ್ಟೂ ನೋಡಿದೆ. ಅಮ್ಮ, ಏನೂ ಸಿಗಲಿಲ್ಲ. ಇಷ್ಟು ವರ್ಷ ಕಳೆದು ಬಟ್ಟೆ ಸ್ವಲ್ಪ ಮಾಸಿದೆ, ಹಕ್ಕಿಗಳು ಮಾತ್ರ ಗೂಡಿನಿಂದ ಈಗ ಎದ್ದ ಹಾಗಿವೆ. ಅಂಚಿನ ಹಲ್ಲುಗಳಲ್ಲಿ ಒಂದೂ ಮಡಚಿಲ್ಲ. ಕತ್ತರಿಯನ್ನು ಡ್ರಾಯರಿನೊಳಕ್ಕೆ ಹಾಕಿದೆ. ಅಷ್ಟರಮಟ್ಟಿಗೆ ನಿನ್ನ ಮಾತು ಮೀರಿದ್ದಾಯಿತು. ಮುಂದಿನದನ್ನು ಯೋಚಿಸಿರಲಿಲ್ಲ.

ಸಂಘ ಈಗಲೂ ಸೈಕಲ್ ರಿಪೇರಿ ಅಂಗಡಿಯ ಮೇಲೆಯೇ ಇದೆ. ಮೆಟ್ಟಿಲು ಹತ್ತುವಾಗ ಪಂಕ್ಚರ್ ಹಾಕುವ ಸೊಲ್ಯೂಷನ್ನಿನ ವಾಸನೆ. ಕಾರ್ಯದರ್ಶಿ ಹೊಸಬರು, ಗಣಿತದ ಮೇಷ್ಟ್ರಾಗಿದ್ದವರು. ಆಲ್ಬಮ್ಮುಗಳನ್ನು ನೋಡುತ್ತಾ ತಲೆದೂಗುತ್ತಾ ಬಂದವರು ಬಟ್ಟೆಯ ಪುಟದಲ್ಲಿ ನಿಂತರು. ಅದನ್ನು ಹೊರಗೆಳೆದು, ಹಿಂಬದಿ ನೋಡಲು ನಡುವೆ ಮಡಚಿ, ಮೂಗಿನ ಹತ್ತಿರ ಹಿಡಿದರು.

"ಇದ್ಯಾಕೆ ಹಿಂಗೆ ಬಿಟ್ಟಿದಾರೆ? ಈ ಬೋಗುಣಿಗೆ ಒಂದಿಷ್ಟು ಬೆಚ್ಚಗಿನ ನೀರು ಹಾಕಿ ಅದ್ದೋಣ. ಟೀ ಕುಡಿಯೋಷ್ಟ್ರಲ್ಲಿ ತಾವೇ ಬಿಟ್ಕೊಳ್ತವೆ. ಅಂಟು ಹೋಗುತ್ತೆ, ಆದ್ರೆ ಹಕ್ಕಿಗಳು ಉಳ್ಕೋತವೆ."

ಬೋಗುಣಿ! ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ನೀರು ತುಂಬಿಕೊಂಡು ಕೂತಿರುತ್ತಿದ್ದ ಅದೇ ಬೋಗುಣಿ. ಅಂಟು ನೀರಿನಲ್ಲಿ ಬಿಡುತ್ತದೆಂದು ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ವಾರವೇ ಬಟ್ಟೆಯನ್ನು ಅದ್ದಿದ್ದರೆ ಸಂಜೆಯೊಳಗೆ ಹಕ್ಕಿಗಳು ಬಿಡುಗಡೆಯಾಗಿ ಪತ್ರಿಕೆಯ ಮೇಲೆ ಒಣಗುತ್ತಿದ್ದವು. ಅದ್ದಲಿಲ್ಲ. ಅದರ ಪಕ್ಕದಲ್ಲೇ ಕೂತು ದೇಶದೇಶದವರ ಲಕೋಟೆಯ ಮೂಲೆಗಳನ್ನೆಲ್ಲ ಅದ್ದಿದರು, ಇದೊಂದನ್ನು ಅದ್ದಲಿಲ್ಲ. ತಪ್ಪು ಕಂಡರೆ ತಿದ್ದುವುದೇ ಕೆಲಸವಾಗಿರುವ ನಾನು ಇಷ್ಟು ದೊಡ್ಡ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಷ್ಟು ಹೊತ್ತಿಗೆ ಯಾರೋ ಕಾರಿಡಾರಿನಲ್ಲಿ ಕೋಲೂರಿಕೊಂಡು ಬಂದರು. ಭೂತಗನ್ನಡಿ. ಕೂದಲೆಲ್ಲ ಹೋಗಿದೆ, ದಾರ ಅದೇ. ಮೇಜಿನ ಮೇಲಿನ ಬಟ್ಟೆಯನ್ನೂ ಕಾರ್ಯದರ್ಶಿಗಳ ಕೈಯಲ್ಲಿದ್ದ ಖಾಲಿ ಬೋಗುಣಿಯನ್ನೂ ನೋಡಿದ್ದೇ ಕೂಗಿದರು.

"ಏಯ್ ಮೇಷ್ಟ್ರೇ, ಬೋಗುಣಿ ಕೆಳಗಿಡಿ! ಯಾರನ್ನ ಕೇಳಿ ಇದನ್ನ ಹೊರಗೆ ತೆಗ್ದ್ರಿ? ಕೈ ತೊಳ್ಕೊಂಡಿದೀರಾ?"

"ನಾನೇನು ಮಾಡ್ದೆ ಸ್ವಾಮಿ? ಬಿಡಿಸೋಣ ಅಂತ..."

"ನಾನೂ ಅದೇ ಅಂದಿದ್ದೆ, ಮೊದಲ್ನೇ ದಿನ. ಇವ್ರಪ್ಪ ಏನಂದ್ರು ಗೊತ್ತಾ? 'ನಿಮ್ಮನೇಲಿ ಇಸ್ತ್ರಿ ಆಗಿರೋ ಅಂಗಿ ತಗೊಂಡು ನೀರಿಗೆ ಹಾಕ್ತೀರೇನ್ರೀ? ನಮ್ಮನೆಯವಳು ಮಾಡಿರೋ ಇಸ್ತ್ರಿ ಇದು' ಅಂದ್ರು."

ಆಮೇಲೆ ನನ್ನ ಕಡೆ ತಿರುಗಿ, ಸಂಘಕ್ಕೆ ಹೊಸಬರು ಯಾರೇ ಬರಲಿ, ಅಪ್ಪ ಮೊದಲು ಇದನ್ನೇ ತೋರಿಸುತ್ತಿದ್ದರು ಎಂದರು. ದುಬಾರಿಯವು, ಅಪರೂಪದವು, ತಲೆಕೆಳಗಾಗಿ ಅಚ್ಚಾದವು, ಎಲ್ಲ ಆಮೇಲೆ. ಆ ಪುಟ ತೆರೆಯುವ ಮುಂಚೆ ನೋಡುವವರೆಲ್ಲ ಕೈ ತೊಳೆದು ಬರಬೇಕಿತ್ತಂತೆ. "ನಮ್ಮಲ್ಲಿ ಯಾವ್ದಾದ್ರೂ ಸ್ಟಾಂಪ್ ಚೆನ್ನಾಗಿ ಮಟ್ಟಸವಾಗಿ ಕೂತ್ರೆ 'ಅತ್ತಿಗೆ ಇಸ್ತ್ರಿ' ಅಂತೀವಪ್ಪ, ಈಗ್ಲೂ. ಅತ್ತಿಗೆಗೆ ಗೊತ್ತಲ್ವಾ?"

ಇಲ್ಲ ಎಂದೆ. ನೀನು ಅವತ್ತು ಒಳಗೆ ಹೋದದ್ದನ್ನೂ ಹೇಳಿದೆ. ಆ ಮನುಷ್ಯ ಭೂತಗನ್ನಡಿಯನ್ನು ಒರೆಸುತ್ತಾ ಕೂತುಬಿಟ್ಟರು. ಕೊನೆಗೆ, "ಅದಕ್ಕೇ ನನ್ನ ಅಂಗಿ ಅಷ್ಟು ಗರಿಗರಿಯಾಗಿ ಬರ್ತಿತ್ತಾ?" ಎಂದರು. ಉತ್ತರ ಹೇಳಲು ನನಗೆ ನಿನ್ನ ಅನುಮತಿ ಇರಲಿಲ್ಲ.

ಕಾರ್ಯದರ್ಶಿ ಕೆಟ್ಟವರಲ್ಲ. ಅವರಿಗೆ ನಿಯಮ ಇದೆ. ಸಂಗ್ರಹವನ್ನು ಈ ವರ್ಷದ ಪ್ರದರ್ಶನದ ಮೊದಲ ಮೇಜಿನಲ್ಲೇ ಇಡುತ್ತೇವೆ, ಆದರೆ ಹಾನಿಯಾದವನ್ನು ಇಡುವಂತಿಲ್ಲ, ಆ ಪುಟ ಒಂದನ್ನು ಬಿಟ್ಟು ಉಳಿದದ್ದು ಕೊಡಿ ಎಂದರು. ನೀನು ಲಾರಿಯ ಪಕ್ಕ ನಿಂತು ಹೇಳಿದ್ದೂ ಅದೇ ಅಲ್ಲವೇ? ಎರಡು ಕಡೆಯಿಂದ ಒಂದೇ ತೀರ್ಪು. ಒಪ್ಪಿಕೊಂಡಿದ್ದರೆ ಎಲ್ಲರಿಗೂ ಸುಲಭವಿತ್ತು.

ನಾನು ಸಭೆಗಳಲ್ಲಿ ಮಾತಾಡುವವನಲ್ಲ, ದನಿ ಎತ್ತಿದ ನೆನಪೂ ಇಲ್ಲ. ಅವತ್ತೂ ಎತ್ತಲಿಲ್ಲ. ಎದ್ದು ಆಲ್ಬಮ್ಮುಗಳನ್ನು ಒಂದೊಂದಾಗಿ ಮುಚ್ಚಿ ಪೆಟ್ಟಿಗೆಗೆ ಹಾಕತೊಡಗಿದೆ. "ಯಾಕೆ, ಏನಾಯ್ತು?" ಎಂದರು ಕಾರ್ಯದರ್ಶಿ. "ಬಟ್ಟೆ ಮೊದಲ್ನೇ ಪುಟದಲ್ಲಿರ್ಬೇಕು. ಇಲ್ಲಾಂದ್ರೆ ಯಾವ್ದೂ ಇಲ್ಲ" ಎಂದೆ. ನನ್ನ ಬಾಯಿಂದ ಬಂದದ್ದು ನಿನ್ನದೇ ಧಾಟಿ. ಕೂಲಿಯವರು ಮೇಜಿನ ಕಾಲು ಅಡ್ಡಾದಿಡ್ಡಿ ಹಿಡಿದಾಗ ಬರುವಂಥದು. ನನಗೇ ಆಶ್ಚರ್ಯವಾಯಿತು.

ಕಾರ್ಯದರ್ಶಿ ಬಟ್ಟೆಯನ್ನು ಮತ್ತೆ ಮೇಜಿನ ಮೇಲೆ ಹಾಸಿದರು. ಮೇಷ್ಟ್ರಲ್ಲವೇ, ಅವರೂ ಅಳತೆಪಟ್ಟಿ ತೆಗೆದರು. ಇಟ್ಟು ನೋಡಿ, ಮತ್ತೆ ಇಟ್ಟು ನೋಡಿ, ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, "ಸರಿ, ಯಾವ ವಿಭಾಗದಲ್ಲಿ ಹಾಕೋದು ಇದನ್ನ? ಹಕ್ಕಿಗಳಾ, ದ್ವೀಪಗಳಾ?" ಎಂದು ಕೇಳಿದರು.

"ಇಸ್ತ್ರಿ ವಿಭಾಗ" ಎಂದರು ಭೂತಗನ್ನಡಿ.

ಹೀಗೆ ಸಂಗ್ರಹ ಸಂಘಕ್ಕೆ ಹೋಯಿತು. ಮೊದಲ ಪುಟದ ಕೆಳಗೆ ಅಂಟಿಸುವ ಚೀಟಿಯನ್ನು ನಾನೇ ಬರೆದು, ಅಚ್ಚು ಹಾಕಿಸಿ ಕೊಟ್ಟೆ. ಸಂಗ್ರಹ ಎಂದು ಬರೆದು ಅಪ್ಪನ ಹೆಸರು, ಇಸ್ತ್ರಿ ಎಂದು ಬರೆದು ನಿನ್ನ ಹೆಸರು. ನಿನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣುತ್ತದೆಂದು ನೋಡಿದ್ದು ಇದೇ ಮೊದಲು. ಎಷ್ಟೋ ಲೇಖಕರ ಹೆಸರುಗಳನ್ನು ತಿದ್ದಿದ್ದೇನೆ, ಯಾವುದನ್ನೂ ಇಷ್ಟು ಹೊತ್ತು ನೋಡಿಲ್ಲ.

ಮನೆಗೆ ಬಂದ ಮೇಲೆ ನಿನ್ನ ಬಗ್ಗೆ ಒಂದು ವಿಷಯ ಹೊಳೆಯಿತು, ತಪ್ಪಾಗಿದ್ದರೆ ಬೈದು ಬರೆ. ಗಂಜಿ ಹಾಕಿದ ಬಟ್ಟೆ ನೀರಿಗೆ ಬಿದ್ದರೆ ಗಂಜಿ ಬಿಡುತ್ತದೆ. ಅದು ನಿನಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ. ಅಂಟೂ ಹಾಗೇ ಬಿಡುತ್ತದೆಂದು ನಿನಗೂ ಗೊತ್ತಿದ್ದಿರಬೇಕು. ಆದರೂ ನೀನು ಮುಟ್ಟಲಿಲ್ಲ. ಅವರಾಗಿ ಅದ್ದಲಿ, ಅದ್ದಿದ ದಿನ ತಪ್ಪು ತೊಳೆದು ಹೋಗುತ್ತದೆ ಎಂದು ಪ್ರತಿ ಭಾನುವಾರ ಬೋಗುಣಿಯ ಸದ್ದಿಗೆ ಕಾದಿರಬೇಕು. ಅವರು ಅದ್ದದೆ ಇದ್ದಾಗಲೆಲ್ಲ, ನಿನ್ನ ತಪ್ಪನ್ನು ಸಾಕ್ಷಿಗಾಗಿ ಇಟ್ಟುಕೊಂಡಿದ್ದಾರೆ ಎಂದು ನೀನು ತಿಳಿದುಕೊಂಡೆ. ಅಪ್ಪನ ಲೆಕ್ಕದಲ್ಲಿ ಅದ್ದದೆ ಇರುವುದೇ ಹೊಗಳಿಕೆ. ಊರಿಗೆಲ್ಲ ಹೇಳಿಕೊಂಡು ತಿರುಗಿದವರು ಮನೆಯಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಿದ್ದರಲ್ಲ, ಮೊದಲ ದಿನವೇ: ಒಂದೂ ಸುಕ್ಕಿಲ್ಲ ಎಂದು. ನೀನು ನಂಬಲಿಲ್ಲ, ಅವರು ಎರಡನೆಯ ಸಲ ಹೇಳುವವರಲ್ಲ. ನಾನು ನಿಮ್ಮಿಬ್ಬರ ಮಗನಾದ್ದರಿಂದ ಹೀಗೆ ಇಷ್ಟು ತಡವಾಗಿ, ಇಷ್ಟು ಸುತ್ತುಬಳಸಿ ಹೇಳುತ್ತಿದ್ದೇನೆ.

ಒಂದು ತೊಂದರೆ ಉಳಿದಿದೆ. ಕಾರ್ಯದರ್ಶಿಗಳು ಹಿಂಬದಿ ನೋಡಲು ಮಡಚಿದರೆಂದು ಹೇಳಿದೆನಲ್ಲ, ಎರಡು ಸಾಲುಗಳ ನಡುವೆ ಬಟ್ಟೆಯ ಮೇಲೆ ಒಂದು ಗೆರೆ ಬಿದ್ದಿದೆ. ಹಕ್ಕಿಗಳಿಗೆ ಏನೂ ಆಗಿಲ್ಲ. ಆದರೆ ಕಾಣುತ್ತದೆ. ನಿನ್ನ ಹೆಸರಿನ ಕೆಲಸದ ಮೇಲೆ ಸುಕ್ಕು ಇಟ್ಟುಕೊಂಡು ಜನರಿಗೆ ತೋರಿಸುವುದು ನನ್ನಿಂದಾಗದು. ಸಂಘದಲ್ಲಿ ಯಾರೋ ಮನೆಯಿಂದ ಇಸ್ತ್ರಿಪೆಟ್ಟಿಗೆ ತರುತ್ತೇನೆಂದರು. ಭೂತಗನ್ನಡಿ ಕೋಲು ಎತ್ತಿದರು. ಇದಕ್ಕೆ ಕೈ ಹಾಕುವವರು ಒಬ್ಬರೇ ಎಂದು ತೀರ್ಮಾನವಾಗಿ, ಸಭೆಯ ನಡಾವಳಿಯಲ್ಲೂ ಬರೆದಿದ್ದಾರೆ.

ಮುಂದಿನ ತಿಂಗಳು ಪ್ರದರ್ಶನ. ಅಕ್ಕನಿಗೆ ಹೇಳಿದ್ದೇನೆ, ಅಂಗಡಿ ಅವಳು ನೋಡಿಕೊಳ್ಳುತ್ತಾಳೆ. ಸಂಘದವರ ಇಸ್ತ್ರಿಪೆಟ್ಟಿಗೆ ಬೇಡ, ನಿನ್ನದನ್ನೇ ತಾ. ಬೇರೆಯದನ್ನು ನೀನು ನಂಬುವುದಿಲ್ಲ. ಮೊದಲ ಮೇಜಿನ ಪಕ್ಕದಲ್ಲಿ ಪ್ಲಗ್ಗಿದೆ, ನೋಡಿ ಬಂದಿದ್ದೇನೆ. ಎಲ್ಲರೂ ಕೈ ತೊಳೆದು ನಿಂತಿರುತ್ತಾರೆ.

ಬಾ. ಕೆನ್ನೆಯ ಹತ್ತಿರ ಹಿಡಿದು ಕಾವು ನೋಡು. ಆ ಗೆರೆಯ ಮೇಲೆ ಒಂದೇ ಒಂದು ಸಲ ಓಡಿಸು.

ನೀರು ಮಾತ್ರ ಚಿಮುಕಿಸಬೇಡ.

ನಿನ್ನ ಕೈಯ ಕಾವು ಆರದಿರಲಿ. ಆ ಕೈಗಳಿಗೆ ನಮಸ್ಕಾರ.

ಅಪ್ಪನ ಪರವಾಗಿಯೂ,
ನಿನ್ನ ಮಗ